ಅಣ್ಣ ಹೊರಟ, ತಮ್ಮ ಉಳಿದ: ಟೆಕ್ಸಸ್ ಅಕಾರ್ಡಿಯನ್ನಿನ ಬಗ್ಗೆ

2025ರ ಜುಲೈ ತಿಂಗಳ ಕೊನೆಯ ದಿನ ಫ್ಲಾಕೊ ಹಿಮೆನೆಸ್ ತೀರಿಕೊಂಡರು. ಎಂಬತ್ತಾರು ವರ್ಷದ ತುಂಬು ಬಾಳು. ನಾನು ಈಗ ಸಂಸಾರ ಹೂಡಿರುವ ಸ್ಯಾನ್ ಆಂಟೋನಿಯೊದಲ್ಲೇ 1939ರಲ್ಲಿ ಹುಟ್ಟಿ, ಇಲ್ಲಿಯದೇ ಸಂಗೀತ ನುಡಿಸಿ, ಜಗತ್ತೆಲ್ಲ ಹೆಸರಾದ ಅಕಾರ್ಡಿಯನ್ ವಾದಕ. ಆ ವಾರ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಬರೆದವರೆಲ್ಲ ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು: ಮೆಕ್ಸಿಕನ್ ಕೂಲಿಕಾರರ ಮೊಹಲ್ಲಾದ ಸಂಗೀತವನ್ನು ಗಡಿ ದಾಟಿಸಿದವರು. 1970ರ ದಶಕದಲ್ಲಿ ರಾಕ್ ಸಂಗೀತಗಾರರಾದ ಡಗ್ ಸಾಮ್, ರೈ ಕೂಡರ್ ಜೊತೆ ನುಡಿಸಿದರು, ಆಮೇಲೆ ಟೆಕ್ಸಸ್ ಟೊರ್ನೇಡೋಸ್ ತಂಡದಲ್ಲಿದ್ದರು, 1994ರಲ್ಲಿ ರೋಲಿಂಗ್ ಸ್ಟೋನ್ಸ್ ಆಲ್ಬಮ್ಮಿನಲ್ಲೂ ಅವರ ಅಕಾರ್ಡಿಯನ್ ಕೇಳಿತು, 2015ರಲ್ಲಿ ಗ್ರ್ಯಾಮಿಯವರು ಜೀವಮಾನದ ಸಾಧನೆಗೆ ಗೌರವ ಕೊಟ್ಟರು. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅವರ ಬೆರಳಿನ ಓಟ ಕೇಳಿದವರಿಗೆ ಈ ಯಾವ ಗೌರವವೂ ಹೆಚ್ಚೆನಿಸುವುದಿಲ್ಲ.

ಆದರೂ ಓದುತ್ತ ಓದುತ್ತ ನನಗೊಂದು ಕಸಿವಿಸಿ ಶುರುವಾಯಿತು. ಫ್ಲಾಕೊಗೆ ಒಬ್ಬ ತಮ್ಮನಿದ್ದಾರೆ, ಸಾಂತಿಯಾಗೊ ಹಿಮೆನೆಸ್ ಜೂನಿಯರ್. 1944ರಲ್ಲಿ ಹುಟ್ಟಿದವರು. ಅವರದೂ ಅಕಾರ್ಡಿಯನ್ನೇ. ಅಣ್ಣ ಮೂರು ಸಾಲು ಗುಂಡಿಯ ಅಕಾರ್ಡಿಯನ್ ಹಿಡಿದು ರಾಕ್, ಕಂಟ್ರಿ, ಬ್ಲೂಸ್ ಅಂತ ಊರೂರು ಸುತ್ತಿದರೆ, ತಮ್ಮ ಅಪ್ಪನ ಎರಡು ಸಾಲಿನ ಅಕಾರ್ಡಿಯನ್ನನ್ನೂ ಅಪ್ಪನ ನಡೆಯನ್ನೂ ಅಪ್ಪನ ಹಾಡುಗಳನ್ನೂ ಬಿಡಲಿಲ್ಲ. ಫ್ಲಾಕೊ ಬಗ್ಗೆ ಬಂದ ಬರಹಗಳಲ್ಲಿ ಈ ತಮ್ಮನಿಗೆ ಸಿಕ್ಕಿದ್ದು ಬಹಳವೆಂದರೆ ಅರ್ಧ ಸಾಲು. ಸಾವಿನ ಹೊತ್ತಲ್ಲಿ ಸತ್ತವರ ಬಗ್ಗೆ ಬರೆಯುತ್ತಾರೆ, ಸಹಜ. ನನ್ನನ್ನು ಕಾಡಿದ್ದು ಆ ಹೊಗಳಿಕೆಗಳ ಒಳಗೆ ಕೂತಿದ್ದ ಒಂದು ಅಳತೆಗೋಲು. ಹೊರಟವನು ಕಲಾವಿದ, ಉಳಿದವನು ಬರೀ ಕಾವಲುಗಾರ ಎನ್ನುವಂಥ ಅಳತೆ. ಜಾನಪದದ ಬಗ್ಗೆ ನಾವು ಕನ್ನಡದಲ್ಲಿ ಮಾತಾಡುವಾಗಲೂ ಇದೇ ಅಳತೆಗೋಲು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗುತ್ತಿರುತ್ತದೆ. ಒಂದು ದಿನ ಫ್ಯೂಷನ್ ಮಾಡಿದವರಿಗೆ ಚಪ್ಪಾಳೆ, ಇನ್ನೊಂದು ದಿನ ‘ಮೂಲ ಧಾಟಿ ಕೆಡಿಸಿದರು’ ಎಂಬ ಬೈಗುಳ. ಅಣ್ಣತಮ್ಮಂದಿರಿಬ್ಬರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಏನು ಕಾಣುತ್ತದೆ ಅಂತ ಆಗಿನಿಂದ ಯೋಚಿಸುತ್ತಿದ್ದೇನೆ. ಈ ಬರಹ ಅದರದ್ದೇ ಲೆಕ್ಕ.

ಕಾಕಾ ಕಂಡದ್ದು

ಈ ಸಂಗೀತಕ್ಕೆ ಇಲ್ಲಿ ಕೊನ್‌ಹುಂತೊ ಅನ್ನುತ್ತಾರೆ. ದಕ್ಷಿಣ ಟೆಕ್ಸಸ್ಸಿನ ಮೆಕ್ಸಿಕನ್ ಮೂಲದ ದುಡಿಯುವ ಜನ ಕಟ್ಟಿಕೊಂಡ ಕುಣಿತದ ಸಂಗೀತ. ಅಕಾರ್ಡಿಯನ್, ಬಾಹೊ ಸೆಕ್ಸ್ತೊ ಅನ್ನುವ ಹನ್ನೆರಡು ತಂತಿಯ ದಪ್ಪ ದನಿಯ ಗಿಟಾರು, ಬೇಸ್, ಡ್ರಮ್ಸ್, ಇಷ್ಟೇ ಮೇಳ. ನಮ್ಮ ಆರ್ಕೆಸ್ಟ್ರಾಗಳಲ್ಲಿ ಕಾಣುತ್ತಿದ್ದ ಅಕಾರ್ಡಿಯನ್ನಿಗೆ ಪಿಯಾನೊದ ಹಾಗೆ ಕರಿ ಬಿಳಿ ಮನೆಗಳಿರುತ್ತವೆ. ಇಲ್ಲಿಯದಕ್ಕೆ ಗುಂಡಿಗಳು. ಒಂದೇ ಗುಂಡಿ ತಿದಿ ಒತ್ತುವಾಗ ಒಂದು ಸ್ವರ, ಎಳೆಯುವಾಗ ಇನ್ನೊಂದು ಸ್ವರ ಕೊಡುತ್ತದೆ. ಮೌತ್ ಆರ್ಗನ್ ನುಡಿಸಿದವರಿಗೆ ಇದು ತಟ್ಟನೆ ಅರ್ಥವಾದೀತು. ಹಾಗಾಗಿ ಯಾವ ಸ್ವರಕ್ಕೆ ಹೋಗಬೇಕು ಅನ್ನುವುದನ್ನು ಬೆರಳಷ್ಟೇ ಗಾಳಿಯೂ ತೀರ್ಮಾನಿಸುತ್ತದೆ. ಆ ಒತ್ತು-ಎಳೆಯ ತಿರುವುಗಳಲ್ಲೇ ಈ ಸಂಗೀತದ ಕುಲುಕು ಹುಟ್ಟುವುದು. ಪಿಯಾನೊ ಮನೆಯ ಅಕಾರ್ಡಿಯನ್ನಿನಲ್ಲಿ ಅದೇ ಪೋಲ್ಕಾ, ಅಂದರೆ ಯುರೋಪಿನಿಂದ ಬಂದ ಎರಡೆಣಿಕೆಯ ಕುಣಿತದ ಗತ್ತು, ನುಡಿಸಿ ನೋಡಿ, ಸ್ವರವೆಲ್ಲ ಸರಿ ಇರುತ್ತದೆ, ಕುಲುಕು ಇರುವುದಿಲ್ಲ.

ಗದಗದ ಹತ್ತಿರದ ಊರಲ್ಲಿರುವ ನನ್ನ ಕಾಕಾ ಸಣ್ಣಾಟಕ್ಕೆ, ಭಜನಿಗೆ ಪೇಟಿ ಹಿಡಿದು ಬಾಳು ಸವೆಸಿದವರು. ಸಾಂತಿಯಾಗೊ ಜೂನಿಯರ್ ಅವರ ಒಂದು ವಿಡಿಯೊ ಅವರಿಗೆ ವಾಟ್ಸಪ್ಪಿನಲ್ಲಿ ಕಳಿಸಿದ್ದೆ. ರಾತ್ರಿ ಫೋನ್ ಮಾಡಿ, “ಕಾಕಾ, ನೋಡಿದ್ರೇನು?” ಅಂದೆ.

“ನೋಡೀನೋ ತಮ್ಮಾ, ನಾಕ ಸರ್ತಿ ನೋಡೀನಿ. ಆ ಮನಷಾ ಎಡಗೈಲೆ ಏನೂ ನುಡಸವಲ್ಲ ನೋಡು. ಬರೇ ಗಾಳಿ ಹಾಕಾಕತ್ತಾನ. ನಮ್ಮ ಪೇಟಿ ಹಂಗs.”

ನಾನು ಈ ಊರಿಗೆ ಬಂದಾಗಿನಿಂದ ಕೇಳುತ್ತಿದ್ದರೂ ಅದನ್ನು ಅಷ್ಟು ನಿಚ್ಚಳವಾಗಿ ಕಂಡಿರಲಿಲ್ಲ. ಅಕಾರ್ಡಿಯನ್ನಿನ ಎಡಗಡೆ ಬೇಸ್ ಗುಂಡಿಗಳಿರುತ್ತವೆ. ಜರ್ಮನರು ಈ ವಾದ್ಯ ಮಾಡಿದ್ದೇ ಒಬ್ಬನೇ ಕೂತು ಮೇಳವನ್ನೆಲ್ಲ ನುಡಿಸಲಿ ಅಂತ. ಬಲಗೈಗೆ ರಾಗ, ಎಡಗೈಗೆ ತಾಳ ಮತ್ತು ಆಧಾರಸ್ವರ. ಟೆಕ್ಸಸ್ಸಿನವರು ಆ ಎಡಗೈಯ ಕೆಲಸವನ್ನೇ ಕಿತ್ತು ಬಾಹೊ ಸೆಕ್ಸ್ತೊಗೆ ಕೊಟ್ಟರು. ಎಷ್ಟೋ ವಾದಕರು ಬೇಸಿನ ದನಿ ಹುಟ್ಟಿಸುವ ರೀಡುಗಳನ್ನೇ ತೆಗೆಸಿಬಿಟ್ಟಿರುತ್ತಾರೆ. ಎಡಗೈ ತಿದಿಗೆ, ಬಲಗೈ ಸ್ವರಕ್ಕೆ. ಯುರೋಪಿನ ಹಾರ್ಮೋನಿಯಂ ಬಂಗಾಳದಲ್ಲಿ ನೆಲದ ಮೇಲೆ ಕೂರುವ ಪೇಟಿಯಾದಾಗ ನಮ್ಮವರು ಮಾಡಿಕೊಂಡ ಕೈಹಂಚಿಕೆಯೂ ಇದೇ. ವಿಯೆನ್ನಾದಲ್ಲಿ 1829ರಲ್ಲಿ ಅಕಾರ್ಡಿಯನ್ನಿಗೆ ಪೇಟೆಂಟ್, ಪ್ಯಾರಿಸ್ಸಿನಲ್ಲಿ 1842ರಲ್ಲಿ ಹಾರ್ಮೋನಿಯಮ್ಮಿಗೆ. ಎರಡರಲ್ಲೂ ಗಾಳಿಗೆ ಅದುರುವ ಲೋಹದ ನಾಲಿಗೆ. ಒಂದು ಹಡಗು ಹತ್ತಿ ಟೆಕ್ಸಸ್ಸಿಗೆ ಹೋಯಿತು, ಇನ್ನೊಂದು ನಮ್ಮ ಸಣ್ಣಾಟದ ಹಿಮ್ಮೇಳಕ್ಕೆ ಬಂತು. ಎರಡೂ ಕಡೆ ಜನ ಅದನ್ನು ಮಾಡಿದವರ ಇರಾದೆ ಕೇಳಲಿಲ್ಲ, ತಮಗೆ ಬೇಕಾದಷ್ಟನ್ನು ಇಟ್ಟುಕೊಂಡರು.

ಅಪ್ಪಂದಿರ ಕಾಲ

ಎಡಗೈಯನ್ನು ಸುಮ್ಮನಿರಿಸಿದ ದೊಡ್ಡ ಹೆಸರು ನಾರ್ಸಿಸೊ ಮಾರ್ಟಿನೆಸ್. 1911ರಲ್ಲಿ ಮೆಕ್ಸಿಕೊದ ರೆಯ್ನೋಸಾದಲ್ಲಿ ಹುಟ್ಟಿ, ಟೆಕ್ಸಸ್ಸಿನ ಬ್ರೌನ್ಸ್‌ವಿಲ್ ಕಡೆ ಬೆಳೆದವರು. ಸುತ್ತಮುತ್ತಲಿನ ಜರ್ಮನ್, ಚೆಕ್ ವಲಸಿಗರ ಪೋಲ್ಕಾ, ರೆಡೋವಾ ಕುಣಿತದ ಗತ್ತುಗಳನ್ನು ಕಿವಿಯಲ್ಲೇ ಹಿಡಿದು, ಸಾಂತಿಯಾಗೊ ಅಲ್ಮೇದಾ ಅವರ ಬಾಹೊ ಸೆಕ್ಸ್ತೊ ಜೊತೆ 1930ರ ದಶಕದ ನಡುವೆ ಬ್ಲೂಬರ್ಡ್ ಕಂಪನಿಗೆ ನುಡಿಸಿದರು. ಆ ಗ್ರಾಮಫೋನ್ ತಟ್ಟೆಗಳು ಎಷ್ಟು ಮಾರಾಟವಾದವೆಂದರೆ, ಕಂಪನಿಯವರು ಅದೇ ಸಂಗೀತವನ್ನು ಲೂಸಿಯಾನಾದ ಫ್ರೆಂಚ್ ಮೂಲದ ಕೇಜನ್ ಜನಕ್ಕೆ ‘ಲೂಸಿಯಾನಾ ಪೀಟ್’ ಅನ್ನುವ ಹೆಸರಲ್ಲಿ, ಪೋಲಿಷ್ ಜನಕ್ಕೆ ‘ಪೋಲ್ಸ್ಕಿ ಕ್ವಾರ್ಟೆಟ್’ ಅನ್ನುವ ಹೆಸರಲ್ಲಿ ಮಾರಿದರು. ಪೋಲೆಂಡಿನಿಂದ ಬಂದ ಕಾರ್ಮಿಕರು ತಮ್ಮವರೇ ನುಡಿಸಿದ್ದೆಂದು ನಂಬಿ ಕೇಳಿರಬೇಕು. ‘ಮೂಲ’ದ ಬಗ್ಗೆ ಯಾರಾದರೂ ಬಿಗಿಯಾಗಿ ಮಾತಾಡಿದಾಗಲೆಲ್ಲ ನನಗೆ ಈ ತಟ್ಟೆಗಳ ನೆನಪಾಗುತ್ತದೆ. ಇಷ್ಟು ಹೆಸರು ಮಾಡಿದ ಮನುಷ್ಯ ಹೊಟ್ಟೆಪಾಡಿಗೆ ಲಾರಿ ಓಡಿಸಿದರು, ಹೊಲಗೆಲಸ ಮಾಡಿದರು, ಬ್ರೌನ್ಸ್‌ವಿಲ್ಲಿನ ಮೃಗಾಲಯದಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸ ಮಾಡಿದರು. ರಾಷ್ಟ್ರಮಟ್ಟದ ಜಾನಪದ ಗೌರವ ಬಂದದ್ದು 1983ರಲ್ಲಿ, ಎಪ್ಪತ್ತು ದಾಟಿದ ಮೇಲೆ.

ಫ್ಲಾಕೊ ಮತ್ತು ಜೂನಿಯರ್ ಅವರ ಅಪ್ಪ ಸಾಂತಿಯಾಗೊ ಹಿಮೆನೆಸ್ ಸೀನಿಯರ್ ಇದೇ ತಲೆಮಾರಿನವರು. 1913ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಹುಟ್ಟಿದರು. ಅವರ ಅಪ್ಪ ಪಾತ್ರಿಸಿಯೊ ಕೂಡ ಅಕಾರ್ಡಿಯನ್ ವಾದಕರೇ. ಸೀನಿಯರ್ 1936ರಲ್ಲಿ ಡೆಕ್ಕಾ ಕಂಪನಿಗೆ ತಟ್ಟೆ ಕೊಟ್ಟರು. ನಾರ್ಸಿಸೊ ಅವರದ್ದು ಬಿರುಗಾಳಿ ಕೈ, ಸೀನಿಯರ್ ಅವರದ್ದು ನಿಧಾನ, ಇಂಪು. ಅವರು ಮೇಳಕ್ಕೆ ಸೇರಿಸಿದ್ದು ತೊಲೊಲೊಚೆ, ಅಂದರೆ ನಿಲ್ಲಿಸಿಕೊಂಡು ಬೆರಳಲ್ಲಿ ಮೀಟುವ ಆಳೆತ್ತರದ ಬೇಸ್. ಈಗ ಯೋಚಿಸಿ. ಜೂನಿಯರ್ ಅವರು ಇವತ್ತಿಗೂ ಜೋಪಾನ ಮಾಡಿಕೊಂಡು ಬಂದಿರುವ ‘ಹಳೆಯ’ ಶೈಲಿ, ಎರಡು ಸಾಲಿನ ಅಕಾರ್ಡಿಯನ್ ಪಕ್ಕದಲ್ಲಿ ತೊಲೊಲೊಚೆ, ಅವರ ಅಪ್ಪನ ಹೊಸ ಪ್ರಯೋಗವಾಗಿತ್ತು. ಮಗ ಉಳಿಸಿದ್ದು ಅಪ್ಪನ ಧೈರ್ಯವನ್ನೇ.

ಆಮೇಲಿನವರೂ ಸುಮ್ಮನಿರಲಿಲ್ಲ. ವಲೇರಿಯೊ ಲೊಂಗೋರಿಯಾ 1940ರ ದಶಕದ ಕೊನೆಗೆ ಡ್ರಮ್ಸ್ ತಂದರು, ನಿಂತು ಹಾಡುತ್ತ ನುಡಿಸಿದರು. ಬರೀ ವಾದ್ಯದ್ದಾಗಿದ್ದ ಸಂಗೀತಕ್ಕೆ ಸಾಹಿತ್ಯ ಬಂತು. ಟೋನಿ ದೆ ಲಾ ರೋಸಾ 1950ರ ದಶಕದಲ್ಲಿ ಮೈಕು, ವಿದ್ಯುತ್ ಬೇಸ್ ಸೇರಿಸಿ ಪೋಲ್ಕಾದ ಓಟವನ್ನು ತಗ್ಗಿಸಿದರು. ಪಾವ್ಲಿನೊ ಬೆರ್ನಾಲ್ ಅವರ ಮೇಳ 1960ರ ದಶಕದಲ್ಲಿ ಹನ್ನೆರಡೂ ಸ್ವರ ಸಿಗುವ ಕ್ರೊಮ್ಯಾಟಿಕ್ ಅಕಾರ್ಡಿಯನ್ ಹಿಡಿಯಿತು. ಒಂದು ಕಣ್ಣಿಗೆ ಕರಿಪಟ್ಟಿ ಕಟ್ಟಿಕೊಂಡಿರುತ್ತಿದ್ದ ಎಸ್ತೆಬಾನ್ ಜೋರ್ಡನ್ ಗಿಟಾರಿನವರು ಬಳಸುವ ಇಲೆಕ್ಟ್ರಾನಿಕ್ ಪೆಡಲುಗಳಿಗೆ ಅಕಾರ್ಡಿಯನ್ ಸಿಕ್ಕಿಸಿ, ಜಾಝ್ ತನಕ ಎಳೆದೊಯ್ದರು. ಇವರಲ್ಲಿ ಯಾರನ್ನು ‘ಪರಂಪರೆಯವರು’ ಅಂತ ಕರೆಯಬಾರದು? ಎಲ್ಲರೂ ಒಂದೇ ಸರಣಿಯವರು. ಹಾಗೆ ನೋಡಿದರೆ ಫ್ಲಾಕೊ ಮಾಡಿದ್ದು ಅಪ್ಪ ಮಾಡಿದ್ದನ್ನೇ.

ಇಷ್ಟಕ್ಕೇ ಬಿಟ್ಟರೆ ‘ಬದಲಾವಣೆಯೇ ಪರಂಪರೆ’ ಅನ್ನುವ ಸುಲಭದ ಮಾತಿಗೆ ಬಂದು ನಿಲ್ಲುತ್ತೇವೆ. ಅದು ಎಲ್ಲ ವೇದಿಕೆಯ ಮೇಲೂ ಕೇಳುವ ಮಾತು, ನನಗೆ ಅದರಲ್ಲಿ ಸಮಾಧಾನವಿಲ್ಲ. ಬದಲಾದದ್ದೆಲ್ಲ ಉಳಿಯಲಿಲ್ಲವಲ್ಲ. ಇವರ ಬದಲಾವಣೆಗಳನ್ನು ಜನ ಒಪ್ಪಿದ್ದು ಯಾವ ಕಾರಣಕ್ಕೆ? ಅದಕ್ಕೆ ಉತ್ತರ ನನಗೆ ಪುಸ್ತಕದಲ್ಲಿ ಸಿಗಲಿಲ್ಲ. ಒಂದು ಭಾನುವಾರದ ಮಧ್ಯಾಹ್ನ ಕುಣಿತದ ಹಾಲಿನಲ್ಲಿ ಸಿಕ್ಕಿತು.

ನೆಲ

ಊರಿನ ದಕ್ಷಿಣಕ್ಕೆ, ತಗಡಿನ ಚಾವಣಿಯ ಉದ್ದನೆಯ ಹಾಲು. ಹೊರಗೆ ಬಿಸಿಲು ಧಗಧಗ, ಒಳಗೆ ದೊಡ್ಡ ಫ್ಯಾನುಗಳು. ಬಾಗಿಲಲ್ಲಿ ಒಬ್ಬ ಅಜ್ಜಿ ರೊಕ್ಕ ತಗೊಂಡು ಮುಂಗೈಗೆ ಮುದ್ರೆ ಒತ್ತುತ್ತಿದ್ದಳು. ಬಂದವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಗಂಡಸರು ಇಸ್ತ್ರಿ ಮಾಡಿದ ಅಂಗಿ, ಪಾಲಿಷ್ ಹಾಕಿದ ಬೂಟು, ತಲೆಗೆ ಹ್ಯಾಟು. ಹೆಂಗಸರು ಮದುವೆಗೆ ಹೊರಟವರ ಹಾಗೆ ಸಿಂಗರಿಸಿಕೊಂಡಿದ್ದರು. ಕುಣಿತ ಶುರುವಾಗುವ ಮುಂಚೆ ಒಬ್ಬಾತ ಡಬ್ಬಿಯಿಂದ ಪುಡಿ ತಗೊಂಡು ನೆಲದ ಮೇಲೆಲ್ಲ ಎರಚುತ್ತ ಬಂದ. ಬೂಟಿನ ಅಟ್ಟೆ ಜಾರಬೇಕು, ತೀರಾ ಜಾರಬಾರದು, ಅದರ ಹದ ನೋಡಿ ಎರಚಬೇಕಂತೆ. ಒಮ್ಮೆ ಎರಚಿ, ತಾನೇ ನಾಲ್ಕು ಹೆಜ್ಜೆ ಜಾರಿ ನೋಡಿ, ಬಾಗಿಲ ಹತ್ತಿರ ಇನ್ನೊಂದಿಷ್ಟು ಹಾಕಿದ.

ಮೇಳದ ಅಕಾರ್ಡಿಯನ್ ಹುಡುಗನಿಗೆ ಇಪ್ಪತ್ತೂ ಆಗಿರಲಿಕ್ಕಿಲ್ಲ. ಕೈ ಬಹಳ ಚುರುಕು, ಅವನಿಗೂ ಅದು ಗೊತ್ತಿತ್ತು. ಮೊದಲ ಪೋಲ್ಕಾ ಎತ್ತಿಕೊಂಡಿದ್ದೇ ಹಾರುವ ಲಯದಲ್ಲಿ. ನೆಲಕ್ಕಿಳಿದಿದ್ದ ಜೋಡಿಗಳು ಒಂದು ಸುತ್ತು ಹಾಕಿ ಸುಸ್ತಾದವು, ಕೆಲವರು ಕುರ್ಚಿಗೆ ವಾಪಸಾದರು. ಯಾರೂ ಬೈಯಲಿಲ್ಲ, ಮುಖವೂ ಸಿಂಡರಿಸಲಿಲ್ಲ. ಆದರೆ ನೆಲ ಬರಿದಾಗುತ್ತ ಬಂದದ್ದು ಮೇಳಕ್ಕೆ ಕಾಣುತ್ತಿತ್ತು. ಬಾಹೊ ಸೆಕ್ಸ್ತೊ ಹಿಡಿದಿದ್ದ ಹಿರಿಯರು, ಹುಡುಗನ ಅಜ್ಜನೋ ದೊಡ್ಡಪ್ಪನೋ ಇರಬೇಕು, ಹತ್ತಿರ ಬಂದು ನಿಂತರು. ಮಾತಾಡಲಿಲ್ಲ. ಎರಡನೆಯ ಪೋಲ್ಕಾಕ್ಕೆ ತಾವೇ ಮೊದಲು ತಂತಿ ಮೀಟಿ, ಲಯವನ್ನು ಅರ್ಧದಷ್ಟು ಕೆಳಗಿಳಿಸಿ ಹಿಡಿದರು. ಹುಡುಗ ಅವರ ಕೈ ನೋಡಿದ, ಆಮೇಲೆ ನೆಲ ನೋಡಿದ. ಹಿಡಿದ ಲಯದೊಳಗೆ ಸ್ವರಗಳನ್ನು ಬಿಡಿಬಿಡಿಯಾಗಿ, ತುಂಡು ತುಂಡಾಗಿ ಇಡತೊಡಗಿದ. ಹತ್ತು ಸ್ವರ ಬರಬಹುದಾಗಿದ್ದ ಕಡೆ ನಾಲ್ಕೇ ಸ್ವರ. ಕುರ್ಚಿಯಲ್ಲಿದ್ದವರೆಲ್ಲ ಎದ್ದರು. ಎಲ್ಲ ಜೋಡಿಗಳೂ ಅಪ್ರದಕ್ಷಿಣೆಯಾಗಿ, ಗಡಿಯಾರದ ಮುಳ್ಳಿಗೆ ಎದುರಾಗಿ, ಕಾಲೆತ್ತದೆ ನೆಲಕ್ಕೆ ಸವರಿಕೊಂಡೇ ಹೆಜ್ಜೆ ಹಾಕುತ್ತ ಒಂದೇ ದಿಕ್ಕಿಗೆ ಸಾಗಿದವು. ಟೋನಿ ದೆ ಲಾ ರೋಸಾ ಪೋಲ್ಕಾದ ಓಟ ತಗ್ಗಿಸಿದ್ದೇಕೆ ಅನ್ನುವುದು ನನಗೆ ಅಲ್ಲಿ ಕಾಲಿನ ಭಾಷೆಯಲ್ಲಿ ತಿಳಿಯಿತು. ಈ ಜಾರು ಹೆಜ್ಜೆಗೆ ತಾಕುಆಚಿತೊ ಅನ್ನುತ್ತಾರೆ. ಅವರ ನಿಧಾನದ ಪೋಲ್ಕಾದೊಂದಿಗೇ ಬೆಳೆದದ್ದು.

ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು ನನ್ನ ಮೊಣಕೈ ತಟ್ಟಿ, “ಮಗಾ, ಈಗ ಆ ಹುಡುಗ ನುಡಿಸುತ್ತಿದ್ದಾನೆ ನೋಡು” ಅಂದರು. ಅವರು ಎಳೆ ವಯಸ್ಸಿನಲ್ಲಿ ಹತ್ತಿ ಬಿಡಿಸಲು ಮನೆಮಂದಿಯೊಂದಿಗೆ ಲಾರಿಯಲ್ಲಿ ಊರೂರು ಹೋದವರು. ಶನಿವಾರ ರಾತ್ರಿ ಯಾವ ಊರಲ್ಲಿದ್ದರೂ ಒಂದು ಕುಣಿತ ಇರಲೇಬೇಕಾಗಿತ್ತಂತೆ. ಆರು ದಿನ ಬಗ್ಗಿ ದುಡಿದ ಬೆನ್ನು ಆ ರಾತ್ರಿ ನೆಟ್ಟಗಾಗುತ್ತಿತ್ತು ಅಂದರು.

ಅವತ್ತಿನಿಂದ ನನ್ನ ಯೋಚನೆ ಒಂದು ದಾರಿಗೆ ಬಂತು. ಈ ಸಂಗೀತದಲ್ಲಿ ಪರಂಪರೆಯನ್ನು ಕಾಯುವುದು ವಾದ್ಯವೂ ಅಲ್ಲ, ಧಾಟಿಯೂ ಅಲ್ಲ, ಆ ನೆಲ. ಡ್ರಮ್ಸ್ ಬಂದದ್ದನ್ನು ನೆಲ ಒಪ್ಪಿತು, ಅದಕ್ಕೇ ಉಳಿಯಿತು. ಮೈಕು ಬಂದದ್ದು ಹಾಲು ದೊಡ್ಡದಾಗಿ, ಹಿಂದಿನ ಸಾಲಿನವರಿಗೂ ಲಯ ಕೇಳಬೇಕಾದದ್ದಕ್ಕೆ. ಲಯ ಇಳಿದದ್ದು ದುಡಿದು ದಣಿದ ಕಾಲುಗಳಿಗಾಗಿ. ಎಸ್ತೆಬಾನ್ ಜೋರ್ಡನ್ ಅವರ ಪೆಡಲುಗಳ ಅಬ್ಬರದ ಅಡಿಯಲ್ಲೂ ಪೋಲ್ಕಾದ ಎಣಿಕೆ ತಪ್ಪುವುದಿಲ್ಲ, ಕೇಳಿ ನೋಡಿ; ಕುಣಿಯುವವರು ಅದರ ಮೇಲೂ ಕುಣಿದರು. ವಾದಕ ಏನನ್ನಾದರೂ ತರಲಿ, ಎದುರಿಗಿದ್ದವರ ಕಾಲು ಅದನ್ನು ಅಲ್ಲಿಯೇ, ಆ ಕ್ಷಣದಲ್ಲೇ ಪರೀಕ್ಷೆ ಮಾಡುತ್ತದೆ. ಈ ಪರೀಕ್ಷೆ ಇರುವವರೆಗೆ ಸಂಗೀತ ಎಷ್ಟು ದೂರ ಹೋದರೂ ಮನೆ ಮರೆಯುವುದಿಲ್ಲ. ಸಾಂತಿಯಾಗೊ ಜೂನಿಯರ್ ಅವರನ್ನು ಬರೀ ಕಾವಲುಗಾರ ಅಂದರೆ ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ. ಅಣ್ಣನಿಗೆ ಅಂಥ ಹೆಸರು ಬರುತ್ತಿರುವುದನ್ನು ಅದೇ ಊರಲ್ಲಿ ಕೂತು ನೋಡುತ್ತ, ಕಾಲ ಬೇಡುತ್ತಿದ್ದ ಸದ್ದನ್ನೆಲ್ಲ ಬದಿಗಿಟ್ಟು, ಎರಡು ಸಾಲಿನ ಅಕಾರ್ಡಿಯನ್ನಿನಲ್ಲಿ ಅಪ್ಪನ ಪೋಲ್ಕಾವನ್ನು ಅದೇ ಮೃದುವಿನಿಂದ ನುಡಿಸುವುದು ಪ್ರತಿದಿನವೂ ಹೊಸದಾಗಿ ಮಾಡಬೇಕಾದ ತೀರ್ಮಾನ. ಆ ಲಯ ಬೇಕಾದವರು ಇನ್ನೂ ಇದ್ದಾರೆ ಅನ್ನುವ ನಂಬಿಕೆ ಅದರ ಹಿಂದಿದೆ. ಅಮೆರಿಕ ಸರ್ಕಾರ ಅವರಿಗೆ 2000ದಲ್ಲಿ ಜಾನಪದದ ರಾಷ್ಟ್ರೀಯ ಗೌರವ ಕೊಟ್ಟಿತು, ಆಮೇಲೆ 2015ನೇ ಸಾಲಿನ ರಾಷ್ಟ್ರೀಯ ಕಲಾ ಪದಕವನ್ನೂ ಕೊಟ್ಟಿತು. ಕೊಟ್ಟವರಿಗಾದರೂ ಇದು ಗೊತ್ತಿತ್ತು.

ಮೇಲಿನವರ ಮೂಗು

ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಇಂದು ಸ್ಯಾನ್ ಆಂಟೋನಿಯೊ ಈ ಸಂಗೀತವನ್ನು ತನ್ನ ಹೆಮ್ಮೆ ಅನ್ನುತ್ತದೆ. ಆದರೆ ಬಹಳ ಕಾಲ ಇದೇ ಊರಿನ ಸ್ಥಿತಿವಂತ ಮೆಕ್ಸಿಕನ್ ಮನೆತನಗಳು ಅಕಾರ್ಡಿಯನ್ ಅಂದರೆ ಮೂಗು ಮುರಿಯುತ್ತಿದ್ದವು. ಅವರಿಗೆ ಬೇಕಿದ್ದದ್ದು ಸ್ಯಾಕ್ಸೊಫೋನ್, ಟ್ರಂಪೆಟ್ ಇರುವ ಒರ್ಕೆಸ್ತಾ. ಅಕಾರ್ಡಿಯನ್ ಸಾರಾಯಿ ಅಂಗಡಿಯದ್ದು, ಕೂಲಿಯವರದ್ದು. ಕೊನ್‌ಹುಂತೊ ಬಗ್ಗೆ ಮೊದಲು ಗಂಭೀರವಾಗಿ ಬರೆದ ವಿದ್ವಾಂಸ ಮ್ಯಾನುವೆಲ್ ಪೆನ್ಯಾ ಈ ವರ್ಗಭೇದವನ್ನೇ ನಡುವಿಗಿಟ್ಟು ನೋಡಿದರು. ನಮಗಿದು ಹೊಸ ಕಥೆಯೇನಲ್ಲ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತು, ಮೂವತ್ತು ವರ್ಷ ಒಳಗೆ ಬಿಡಲಿಲ್ಲ. ಮನೆಗಳ ನಡುವೆ ಜಾರಲು ಬರುವುದಿಲ್ಲ, ಗಮಕ ಬರುವುದಿಲ್ಲ, ಪರದೇಶದ ಪೆಟ್ಟಿಗೆ ಅನ್ನುವುದು ಆಕ್ಷೇಪ. ಸಂಗೀತದ ದೃಷ್ಟಿಯಿಂದ ಅದರಲ್ಲಿ ಹುರುಳಿತ್ತು. ಆದರೆ ಅದೇ ಮೂವತ್ತು ವರ್ಷ ಕಂಪನಿ ನಾಟಕದ ಪೆಂಡಾಲಿನಲ್ಲಿ ಲೆಗ್ ಹಾರ್ಮೋನಿಯಂ ತುಳಿಯುತ್ತಿದ್ದವರು, ಹಳ್ಳಿಯ ಭಜನಾ ಮಂದಿಯವರು ಅದರ ಮೇಲೇ ಜನರ ಕಿವಿ ಬೆಳೆಸಿದರು. ಬೆಳಗಾವಿಯ ಆರ್. ಕೆ. ಬಿಜಾಪುರೆ ಅಂಥವರು ಅದೇ ಪೆಟ್ಟಿಗೆಯಲ್ಲಿ ರಾಗವನ್ನು ಅರಳಿಸಿ ತೋರಿಸಿದರು. ಮೇಲಿನವರು ಬೇಡವೆಂದ ಕಾಲದಲ್ಲಿ ವಾದ್ಯವನ್ನು ಸಾಕಿದವರ ಹೆಸರು, ಮೇಲಿನವರು ಬೇಕೆಂದಾಗ ಬರೆಯುವ ಚರಿತ್ರೆಯಲ್ಲಿ ಬರಬೇಕು. ಈ ಮಾತಿನಲ್ಲಿ ನನಗೆ ಸ್ವಲ್ಪ ಸಿಟ್ಟೂ ಇದೆ.

ಅಕಾರ್ಡಿಯನ್ನಿನ ಲೋಕದ ಒಳಗೂ ಮೂಗು ಮುರಿಯುವವರಿದ್ದರು. ಏವಾ ಇಬಾರಾ ಅವರ ಬದುಕು ನೋಡಿ. 1945ರಲ್ಲಿ ಇದೇ ಊರಲ್ಲಿ ಹುಟ್ಟಿ, ನಾಲ್ಕರ ವಯಸ್ಸಿಗೇ ಅಕಾರ್ಡಿಯನ್ ಹಿಡಿದವರು. ಕೊನ್‌ಹುಂತೊದಲ್ಲಿ ಹೆಂಗಸು ಹಾಡಬಹುದಿತ್ತು, ಅಕಾರ್ಡಿಯನ್ ಹೊತ್ತು ಮೇಳ ನಡೆಸುವುದು ಗಂಡಸರ ಕೆಲಸ. ಅವರು ಮೇಳ ಕಟ್ಟಿದರು, ತಾವೇ ರಚನೆ ಮಾಡಿದರು, ಈ ಸಂಗೀತದಲ್ಲಿ ಅಪರೂಪವಾದ ಸ್ವರಮೇಳಗಳನ್ನು ಪೋಲ್ಕಾದೊಳಗೆ ತಂದಿಟ್ಟರು. ರಾಷ್ಟ್ರೀಯ ಗೌರವ 2017ರಲ್ಲಿ ಬಂತು. ಅವರ ಹಳೆಯ ಧ್ವನಿಮುದ್ರಣ ಕೇಳಿದಾಗಲೆಲ್ಲ, ಎಪ್ಪತ್ತು ದಾಟುವ ತನಕ ಕಾಯಿಸುವಂಥ ಕೈ ಇದಲ್ಲ ಅನ್ನಿಸುತ್ತದೆ.

ಶಾಲೆಗೆ ಬಂದ ಮೇಲೆ

1980ರ ದಶಕದ ಮೊದಲಿಗೆ ಇಲ್ಲಿಯ ಗ್ವಾಡಲೂಪೆ ಕಲ್ಚರಲ್ ಆರ್ಟ್ಸ್ ಸೆಂಟರ್ ಅಕಾರ್ಡಿಯನ್ ತರಗತಿ ಶುರು ಮಾಡಿ ವಲೇರಿಯೊ ಲೊಂಗೋರಿಯಾ ಅವರನ್ನೇ ಮೇಷ್ಟ್ರಾಗಿ ಕೂರಿಸಿತು. ವರ್ಷಗಟ್ಟಲೆ ಕಲಿಸಿದರು ಅವರು; ತೀರಿಕೊಂಡದ್ದು 2000ದಲ್ಲಿ. ಬರೆದಿಟ್ಟ ಸ್ವರಲಿಪಿ ಇಲ್ಲ, ಗುಂಡಿ ತೋರಿಸಿ, ನುಡಿಸಿ ತೋರಿಸಿ, ಕಿವಿಯಿಂದ ಕಲಿಸುವ ಪಾಠ. 1982ರಲ್ಲಿ ಅದೇ ಸಂಸ್ಥೆಯಿಂದ ತೆಹಾನೊ ಕೊನ್‌ಹುಂತೊ ಉತ್ಸವ ಶುರುವಾಯಿತು. ಈಗ ಗಡಿಯ ಕಣಿವೆಯ ಊರುಗಳ ಹೈಸ್ಕೂಲುಗಳಲ್ಲಿ ಕೊನ್‌ಹುಂತೊ ಮೇಳಗಳಿವೆ, ಸ್ಯಾನ್ ಆಂಟೋನಿಯೊದ ಪಾಲೊ ಆಲ್ಟೊ ಕಾಲೇಜಿನಲ್ಲಿ ಕಲಿಯಬಹುದು, ಎಳೆಯ ವಾದಕರಿಗಾಗಿ 2007ರಿಂದ ರಾಜ್ಯಮಟ್ಟದ ಸ್ಪರ್ಧೆ ನಡೆದಿದೆ. ಮ್ಯಾಕ್ಸ್ ಬಾಕಾ, ಫ್ಲಾಕೊ ಪಕ್ಕದಲ್ಲಿ ಬಾಹೊ ಸೆಕ್ಸ್ತೊ ನುಡಿಸಿ ಬೆಳೆದವರು, ಕಟ್ಟಿದ ಲಾಸ್ ಟೆಕ್ಸ್‌ಮೇನಿಯಾಕ್ಸ್ ತಂಡಕ್ಕೆ 2010ರಲ್ಲಿ ಗ್ರ್ಯಾಮಿ ಬಂತು; ಅದರಲ್ಲಿ ಅಕಾರ್ಡಿಯನ್ ಹಿಡಿದವರಲ್ಲಿ ಒಬ್ಬರು ಅವರ ಅಣ್ಣತಮ್ಮಂದಿರ ಮಗ ಜೋಶ್ ಬಾಕಾ. ಪಿನ್ಯಾತಾ ಪ್ರೊಟೆಸ್ಟ್ ಅನ್ನುವ ಇಲ್ಲಿಯದೇ ತಂಡ ಪಂಕ್ ರಾಕಿನ ಆರ್ಭಟದ ನಡುವೆ ಅಕಾರ್ಡಿಯನ್ ತಂದು ಕೂರಿಸಿದೆ, ಎಳೆಯರು ಅದಕ್ಕೂ ಮೈಮರೆತು ಹಾರುತ್ತಾರೆ. ವಾದಕರಿಗೆ ಬರ ಇಲ್ಲ ಅನ್ನುವುದು ಖರೆ.

ನನ್ನ ಆತಂಕ ಇರುವುದು ಬೇರೆ ಕಡೆ. ಒಮ್ಮೆ ಇಂಥ ಸ್ಪರ್ಧೆಯೊಂದರ ಸಭಾಂಗಣದಲ್ಲಿ ಕೂತಿದ್ದೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ನುಡಿಸಿದರು. ಬೆರಳು ಒಂದೊಂದೂ ಬೆಂಕಿ. ನಾವೆಲ್ಲ ಮೆತ್ತನೆ ಕುರ್ಚಿಯಲ್ಲಿ ಕೂತು, ಮುಗಿದ ಮೇಲೆ ಚಪ್ಪಾಳೆ ತಟ್ಟಿದೆವು. ಪ್ರತಿಯೊಬ್ಬರ ಪೋಲ್ಕಾವೂ ಹಿಂದಿನವರದ್ದಕ್ಕಿಂತ ವೇಗ. ಅಲ್ಲಿ ಯಾರ ಕಾಲೂ ಸುಸ್ತಾಗುವಂತಿರಲಿಲ್ಲ, ನೆಲ ಬರಿದಾಗಿ ತೋರಿಸುವಂತಿರಲಿಲ್ಲ, ಬಾಹೊ ಸೆಕ್ಸ್ತೊದ ಹಿರಿಯರು ಹತ್ತಿರ ಬಂದು ನಿಲ್ಲುವಂತೆಯೂ ಇರಲಿಲ್ಲ. ಮಕ್ಕಳ ತಪ್ಪು ಇದರಲ್ಲಿ ಏನೂ ಇಲ್ಲ, ಅವರಿಗೆ ಕೊಟ್ಟ ಎದುರಾಳಿ ಗಡಿಯಾರ. ವೇಗ ಅಂಕಕ್ಕೆ ಸಿಗುತ್ತದೆ, ಹದ ಸಿಗುವುದಿಲ್ಲ.

ಇದನ್ನು ಕಾಕಾಗೆ ಹೇಳಿದಾಗ ಅವರು ನಮ್ಮ ಕಡೆಯ ಮಾತು ತೆಗೆದರು. “ಈಗ ರಂಗಗೀತಿ ಅಂತ ಕಾರ್ಯಕ್ರಮ ಮಾಡತಾರ, ನಾನೂ ಹೋಗೀನಿ. ಹಾಡು ಛಲೋ ಹಾಡತಾರೋ ತಮ್ಮಾ. ಆದ್ರ ಪಾತ್ರಧಾರಿ ಇರೂದಿಲ್ಲ. ಅಂವ ಒಳಗಿಂದ ಬರೂತನ ಪೇಟಿ ಹಿಡದು ನಿಲ್ಲಸೂದು ಐತೆಲ್ಲ, ಮಾತು ಮರತಾ ಅಂದ್ರ ಅದs ಪದಾ ಮತ್ತ ತಿರಗಿ ಎತಗೊಳ್ಳೂದು ಐತೆಲ್ಲ, ಅದನ್ನ ಹುಡುಗೂರು ಎಲ್ಲಿ ಕಲೀಬೇಕು?” ಅಂದರು. ಸಣ್ಣಾಟದ ಪೇಟಿ ಮಾಸ್ತರರಿಗೆ ಬೆಳತನಕ ಎಚ್ಚರ ಇರಬೇಕು. ಯಾರ ಆಧಾರಸ್ವರ ಪೇಟಿಯ ‘ಕರಿ ನಾಕು’ ಮನೆ, ಯಾರದ್ದು ‘ಬಿಳಿ ಎರಡು’, ಯಾರ ದನಿ ಮೂರನೇ ಜಾವಕ್ಕೆ ಕಟ್ಟುತ್ತದೆ ಅಂತ ತಿಳಿದಿರಬೇಕು. ಅದು ಆಟದಲ್ಲೇ ಬರುವ ವಿದ್ಯೆ. ಹಾಡನ್ನು ಆಟದಿಂದ ಬಿಡಿಸಿ ವೇದಿಕೆಗೆ ತಂದಾಗ ಹಾಡು ಉಳಿಯುತ್ತದೆ, ಈ ಎಚ್ಚರ ಉಳಿಯುವುದಿಲ್ಲ. ಆರ್. ಪರಮಶಿವನ್ ಅವರಂಥವರಿಂದಾಗಿ ಎಷ್ಟೋ ರಂಗಗೀತೆಗಳು ನಮಗೆ ದಕ್ಕಿವೆ, ಅದು ಸಣ್ಣ ಕೆಲಸವಲ್ಲ. ಆದರೆ ಅವರ ಬೆನ್ನಿಗೆ ಕಂಪನಿಯಲ್ಲಿ ಕಳೆದ ರಾತ್ರಿಗಳಿದ್ದವು. ಇವತ್ತಿನ ಮಗುವಿಗೆ ನಾವು ಹಾಡು ಕಲಿಸುತ್ತಿದ್ದೇವೆ, ರಾತ್ರಿಗಳನ್ನು ಕೊಡುತ್ತಿಲ್ಲ.

ಆದ್ದರಿಂದ ಯಾರಾದರೂ ‘ಈ ಸಂಗೀತ ಉಳಿಸಲು ಏನು ಮಾಡಬೇಕು’ ಅಂತ ಕೇಳಿದರೆ ಈಗ ನನ್ನ ಹತ್ತಿರ ಖಚಿತ ಉತ್ತರವಿದೆ. ಅಕಾರ್ಡಿಯನ್ ಕೊಳ್ಳಲು ಕೊಡುವ ರೊಕ್ಕದಲ್ಲಿ ಅರ್ಧವನ್ನು ಹಾಲುಗಳ ಬಾಡಿಗೆಗೆ ಕೊಡಿ. ಸ್ಪರ್ಧೆ ಗೆದ್ದ ಮಗುವಿಗೆ ಫಲಕದ ಜೊತೆಗೆ ಆರು ಭಾನುವಾರದ ಕುಣಿತ ಕೊಡಿ, ಸಂಭಾವನೆ ಸಮೇತ. ತೀರ್ಪುಗಾರರ ಮೇಜಿನ ಬದಿಗೆ ಹತ್ತು ಹಿರಿಯ ಜೋಡಿಗಳನ್ನು ನೆಲಕ್ಕಿಳಿಸಿ, ಅವರು ಎಷ್ಟು ಹೊತ್ತು ಕುಣಿದರು ಅನ್ನುವುದಕ್ಕೂ ಅಂಕ ಇಡಿ. ನನ್ನ ಮಗಳು ಈಗ ವಾರಕ್ಕೊಮ್ಮೆ ಅಕಾರ್ಡಿಯನ್ ಪಾಠಕ್ಕೆ ಹೋಗುತ್ತಾಳೆ. ಅವಳ ಮೇಷ್ಟ್ರು ಮೊದಲ ಪಾಠಗಳಲ್ಲಿ ಅವಳ ಕೈಗೆ ವಾದ್ಯವನ್ನೇ ಕೊಡಲಿಲ್ಲ. ತಾವು ನುಡಿಸುತ್ತ, ಅವಳನ್ನೂ ಉಳಿದ ಮಕ್ಕಳನ್ನೂ ಜೋಡಿ ಮಾಡಿ ಕೋಣೆಯ ಸುತ್ತ ಪೋಲ್ಕಾ ಹೆಜ್ಜೆ ಹಾಕಿಸಿದರು. ಯಾರ ಹೆಜ್ಜೆ ತಪ್ಪಿತೋ ಅವರನ್ನು ಬೈಯದೆ, ತಮ್ಮ ಲಯವನ್ನೇ ಸ್ವಲ್ಪ ಇಳಿಸಿಕೊಳ್ಳುತ್ತಿದ್ದರು. ನಾನು ಗೋಡೆಗೆ ಒರಗಿ ನೋಡುತ್ತಿದ್ದೆ. ನನ್ನನ್ನೂ ಕರೆದು ಸೇರಿಸಿಕೊಂಡರು.